ಸೂಜಿಯಿಂದ ಬಂದ ಗಂಡಸುತನ

ಗಂಡಸುತನದ ಬಗ್ಗೆ ಮೊದಲಿದ್ದ ಗೌರವ ನನಗೀಗ ಉಳಿದಿಲ್ಲ. ಅದು ಎಣ್ಣೆಯಂಥ ದ್ರವವಾಗಿ ಪುಟ್ಟ ಶೀಶೆಯಲ್ಲಿ ಸಿಗುತ್ತದೆ. ಕುಂಡೆಗೆ ಚುಚ್ಚಿಸಿಕೊಂಡು, ಬನವಾಸಿ ಬಸ್ಸಿನಲ್ಲಿ ಒಂದೇ ಮಗ್ಗುಲಿಗೆ ಕೂತು ಮನೆಗೆ ತರಬೇಕು. ನನಗೆ ಹೆಣ್ಣು ಸಿಕ್ಕಿದ್ದೇ ನಲವತ್ತರ ಮೇಲೆ. ನಮ್ಮದು ಗೊಬ್ಬರದ ಅಂಗಡಿ; ಬಂದ ಸಂಬಂಧಗಳು ವಾಸನೆಗೇ ವಾಪಸು ಹೋಗುತ್ತಿದ್ದವು. ಮದುವೆಯಾದ ಮೇಲೆ ನೋಡಿದರೆ ನನಗೆ ಹಗಲೆಲ್ಲ ಯೂರಿಯಾ ಚೀಲದ ಮೇಲೆ ತೂಕಡಿಕೆ, ರಾತ್ರಿ ಗೊರಕೆ. ಶಿರಸಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಗಂಡಸರ ಹಾರ್ಮೋನು ಕಡಿಮೆಯಿದೆ, ಇಂಜೆಕ್ಷನ್ ಕೊಡಬಹುದು ಎಂದರು. "ಮಕ್ಕಳಾಗಿವೆಯೋ, ಇನ್ನೂ ಆಗಬೇಕೋ?" ಎಂದೂ ಕೇಳಿದರು.

ಕೇಳಿದ್ದು ಸರಿಯೇ. ಆದರೆ ನಮ್ಮ ಕಡೆಯ ದವಾಖಾನೆಗಳಲ್ಲಿ ಒಬ್ಬರನ್ನು ನೋಡುವಾಗ ಮುಂದಿನವರೂ ಒಳಗೇ ಸ್ಟೂಲಿನ ಮೇಲೆ ಕೂತಿರುತ್ತಾರೆ. ಅಂದು ಕೂತವರು ಯಲ್ಲಾಪುರದ ಕಡೆಯ ಯಾರೋ ಹಿರಿಯರು. ಅವರೆದುರು ಮಕ್ಕಳಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ಅದೆಲ್ಲಾ ಮುಗದೈತ್ರಿ" ಎಂದುಬಿಟ್ಟೆ. ಹಿರಿಯರು ಸುಮ್ಮನಿರದೆ "ಎಷ್ಟು ಜನ ಮಾರಾಯ್ರೆ?" ಎಂದರು. ಇಬ್ಬರು ಎಂದೆ. ಅವಕ್ಕೆ ಹೆಸರಿಡುವಷ್ಟರಲ್ಲಿ ನರ್ಸಮ್ಮ ಸೂಜಿ ಹಿಡಿದು ಬಂದರು, ಪುಣ್ಯ.

ಇಂಜೆಕ್ಷನ್ ಹಿಡಿಯಿತು. ಗೊಬ್ಬರದ ಚೀಲ ನಾನೇ ಎತ್ತತೊಡಗಿದೆ, ಗಡ್ಡ ದಟ್ಟವಾಯಿತು. ವರ್ಷ ಕಳೆದರೂ ಮಗುವಿನ ಸುಳಿವು ಮಾತ್ರ ಇಲ್ಲ. "ನನ್ನ ಮಗ ಹುಲಿ ಆಗ್ಯಾನ. ಕೊರತಿ ಇದ್ರ ಅಕೀದು" ಎಂದು ಅವ್ವ ಸೊಸೆಗೆ ಸೋಮವಾರದ ಉಪವಾಸ ಹಿಡಿಸಿದಳು. ಗಿರಿಜಾ ಹಸಿದುಕೊಂಡೇ ನನಗೆ ರೊಟ್ಟಿ ಬಡಿದು ಹಾಕುತ್ತಿದ್ದಳು. ಹುಲಿಗೆ ಹಸಿವೂ ಜಾಸ್ತಿಯಾಗಿತ್ತು.

ಕೊನೆಗೆ ಹುಬ್ಬಳ್ಳಿಯ ದೊಡ್ಡ ಡಾಕ್ಟರಮ್ಮನ ಹತ್ತಿರ ಹೋದೆವು. ಗಿರಿಜಾಳಲ್ಲಿ ಯಾವ ದೋಷವೂ ಇರಲಿಲ್ಲ. ಖಾನಾವಳಿಯಿಂದ ದಿನಾ ಡಬ್ಬಿ ಬಂದರೆ ಮನೆಯ ಒಲೆ ಯಾರು ಹಚ್ಚುತ್ತಾರೆ, ಹಾಗೆ ಹೊರಗಿನಿಂದ ಹಾರ್ಮೋನು ಬರುತ್ತಿದ್ದಂತೆ ನನ್ನ ದೇಹ ಬೀಜ ಮಾಡುವುದನ್ನೇ ಕೈಬಿಟ್ಟಿತ್ತು. ಇಂಜೆಕ್ಷನ್ ನಿಲ್ಲಿಸಿದರೆ ಸರಿಹೋಗಬಹುದು, ತಿಂಗಳುಗಟ್ಟಲೆ ಕಾಯಬೇಕು, ಖಾತ್ರಿ ಕೊಡಲಾರೆ ಎಂದರು. ಬಸ್ಸಿನಲ್ಲಿ ಗಿರಿಜಾ ಒಂದೇ ಮಾತಾಡಿದಳು: "ಮನಿಗೆ ಹೋಗಿ ಅತ್ತಿಯವ್ರಿಗೆ ನೀವ ಹೇಳ್ರಿ. ನನಗ ಇನ್ನ ಹಸಕೊಂಡು ಇರಾಕ ಆಗೂದಿಲ್ಲ."

ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. "ಡಾಕ್ಟ್ರು ಏನಂದ್ರಪಾ?"

ಗಿರಿಜಾ ಚಪ್ಪಲಿ ಬಿಡದೆ ನಿಂತಳು. ನಾನು ಗಂಟಲು ಸರಿಮಾಡಿಕೊಂಡೆ. "ಇಬ್ಬರದೂ ಸರಿ ಐತಂತ. ದೇವರ ಮ್ಯಾಲ ಭಾರ ಹಾಕ್ರಿ ಅಂದ್ರು" ಎಂದೆ.

ಅವ್ವ ಸೊಸೆಯ ಕಡೆ ತಿರುಗಿ, ಸೋಮವಾರದ ಜೊತೆಗೆ ಶುಕ್ರವಾರವನ್ನೂ ಹಿಡಿ ಎಂದಳು. ಅಂದಿನಿಂದ ಗಿರಿಜಾ ನನ್ನೊಡನೆ ಮಾತು ಬಿಟ್ಟಿದ್ದಾಳೆ. ನಾನು ಇಂಜೆಕ್ಷನ್ ಬಿಟ್ಟಿದ್ದೇನೆ. ಅದಕ್ಕಾದರೆ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ.