ಹೊಸ್ತಿಲಿಗೆ ಕಟ್ಟಿದ ಮೀಟರು

ನನ್ನ ಮನೆಯವರು ನನಗೆ ಸಾವಿರದ ನಾನೂರ ನಾಲ್ಕು ವಾರದ ರಜೆ ಬಾಕಿ ಇಟ್ಟುಕೊಂಡಿದ್ದಾರೆ. (ಮನೆಯವರು ಎಂದರೆ ಇಲ್ಲಿ ಗಂಡ ಒಬ್ಬರೇ ಅಲ್ಲ. ಗಂಡ, ಅತ್ತೆ, ಮಗ, ಮೂವರೂ ಸಮಾನ ಆರೋಪಿಗಳು.) ಮದುವೆಯಾಗಿ ಇಪ್ಪತ್ತೇಳು ವರ್ಷ, ವರ್ಷಕ್ಕೆ ಐವತ್ತೆರಡು ವಾರ, ವಾರಕ್ಕೆ ಒಂದು ದಿನ. ಗುಣಿಸಿ ನೋಡಿ. ರೇಡಿಯೋ ಕಾರ್ಖಾನೆಯಲ್ಲಿ ನಾನು ತಂತಿಯ ಕಾಯಿಲ್ ಸುತ್ತುತ್ತಿದ್ದಾಗ ಎಂಥ ಕಲ್ಲೆದೆಯ ಮ್ಯಾನೇಜರನೂ ವಾರಕ್ಕೊಂದು ರಜೆ ಕೊಡುತ್ತಿದ್ದ. ಕೊಡದಿದ್ದರೆ ಗೇಟಿಗೆ ಅಡ್ಡ ಕೂರುತ್ತಿದ್ದೆವು. ಹಾಗೆ ಕೂತು ಕೂತು, ಕೂಗಿ ಕೂಗಿ, ಬೀದಿಯವರ ಬಾಯಲ್ಲಿ ನಾನು 'ಧಿಕ್ಕಾರಮ್ಮ' ಆದೆ. ಬೀದಿಯಲ್ಲಿ ಧಿಕ್ಕಾರಮ್ಮ, ಒಳಗೆ ಬಂದರೆ 'ಏನೇ, ಟೀ ಆಯ್ತಾ'.

ಕಾರ್ಖಾನೆ ಮುಚ್ಚಿ ಬಹಳ ವರ್ಷವಾಯಿತು. ಆದರೂ ನಾವು ಹಳೆಯ ಕಾಯಿಲ್ ಸುತ್ತುವ ಹೆಂಗಸರು ಪ್ರತಿ ಗುರುವಾರ ಒಬ್ಬಳ ಮನೆಯಲ್ಲಿ ಸೇರಿ, ಈಗ ಇಲ್ಲದ ಆ ಮ್ಯಾನೇಜ್‌ಮೆಂಟನ್ನು ಮನಸಾರೆ ಬೈಯುತ್ತೇವೆ. ಅವರೆಲ್ಲ ಬೆಳಿಗ್ಗೆಯಿಂದ ಬೈಯುತ್ತಾರೆ. ನಾನು ಮಾತ್ರ ಪಾತ್ರೆ ತೊಳೆದು, ನೆಲ ಒರೆಸಿ, ನಾಲ್ಕು ಗಂಟೆಗೆ ಹೋಗಿ, ಅರ್ಧ ಬೈಗುಳದಲ್ಲೇ ಎದ್ದು ಓಡಿ ಬರಬೇಕು. ನನಗೆ ಬೇಕಾದದ್ದು ಇಷ್ಟೇ: ಒಂದು ಇಡೀ ಗುರುವಾರ.

ಒಂದು ಬೆಳಿಗ್ಗೆ ತಟ್ಟೆ ಇಡುತ್ತ ಬೇಡಿಕೆಯನ್ನೂ ಮುಂದಿಟ್ಟೆ.

"ರಜೆನಾ?" ಎಂದರು ಅತ್ತೆ, ಹಾಲ್‌ನಲ್ಲಿರುವ ತಮ್ಮ ಶಾಶ್ವತ ಕುರ್ಚಿಯಿಂದ. "ಅಂಥಾ ಏನು ಕಡಿದು ಕಟ್ಟೆ ಹಾಕ್ತೀಯಾ ಅಂತ ರಜೆ? ಗ್ಯಾಸ್ ಹಚ್ಚಿದ್ರೆ ಉರಿಯುತ್ತೆ, ನಲ್ಲಿ ತಿರುಗಿಸಿದ್ರೆ ನೀರು ಬರುತ್ತೆ."

"ಬೆಳಿಗ್ಗೆಯಿಂದ ರಾತ್ರಿವರೆಗೆ ಅಡಿಗೆಮನೆಗೂ ಹಾಲಿಗೂ ಎಷ್ಟು ಸಲ ಓಡಾಡ್ತೀನಿ ಗೊತ್ತಾ ಅತ್ತೆ?"

"ಯಾರು ಎಣಿಸಿದ್ದಾರೆ?"

ಅಲ್ಲಿಯವರೆಗೆ ತಲೆ ಎತ್ತದೆ ತಿನ್ನುತ್ತಿದ್ದ ನನ್ನ ಗಂಡ ಆಗ ತಲೆ ಎತ್ತಿದರು. "ಎಣಿಸಬಹುದು," ಎಂದರು.

ಇವರ ವಿಷಯ ಸ್ವಲ್ಪ ಹೇಳಬೇಕು. ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದಾರೆ. ಮಾತು ಕಡಿಮೆ, ತಂತಿ ಜಾಸ್ತಿ. ಜಗತ್ತಿನಲ್ಲಿ ಯಾರೂ ಮಾಡದ ಆಂಟೆನಾ ಒಂದನ್ನು ಕಂಡುಹಿಡಿಯಬೇಕೆಂಬುದು ಇವರ ಜೀವಮಾನದ ತಪಸ್ಸು. ಛತ್ರಿಯ ಕಡ್ಡಿಗಳಿಂದ ಒಂದು ಮಾಡಿದರು. ಮಳೆ ಬಂದಾಗ ನಾವು ನೆನೆದೆವು, ಸ್ಟೇಷನ್ ಬರಲಿಲ್ಲ. ಸೈಕಲ್ ರಿಮ್ಮಿಗೆ ತಂತಿ ಸುತ್ತಿ ತಾರಸಿಯಲ್ಲಿ ನಿಲ್ಲಿಸಿದರು. ಅದರಲ್ಲಿ ಕಾಗೆ ಗೂಡು ಕಟ್ಟಿತು, ಹಿಡಿದದ್ದು ಅಷ್ಟೇ. ಇಪ್ಪತ್ತು ವರ್ಷದಲ್ಲಿ ಇವರ ಯಾವ ಆಂಟೆನಾವೂ ಗೊರ್ರ್ ಎನ್ನುವುದನ್ನು ಬಿಟ್ಟು ಬೇರೆ ಏನನ್ನೂ ಹಿಡಿದದ್ದಿಲ್ಲ. ಹಾಗಂತ ಇವರು ಬೇಸರ ಪಟ್ಟುಕೊಂಡವರೂ ಅಲ್ಲ. ಗೊರ್ರ್ ಕೇಳುತ್ತ ಕೂರುವುದರಲ್ಲೂ ಅವರಿಗೊಂದು ನೆಮ್ಮದಿ ಇತ್ತು.

"ಅಡಿಗೆಮನೆ ಹೊಸ್ತಿಲಲ್ಲಿ ಕಾಲೊರಸು ಇದೆಯಲ್ಲ, ಅದರ ಕೆಳಗೆ ಎರಡು ತಗಡು, ಮಧ್ಯೆ ಸ್ಪಂಜು," ಎಂದರು. "ಕಾಲಿಟ್ಟರೆ ತಗಡು ತಗಡಿಗೆ ತಾಗುತ್ತೆ. ತಂತಿಯಲ್ಲಿ ಒಂದು ಮಿಡಿತ ಹೋಗುತ್ತೆ. ಪೆಟ್ಟಿಗೆ ಅದನ್ನ ಎಣಿಸುತ್ತೆ. ನಾಡಿ ಹಿಡಿದ ಹಾಗೆ."

ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿರುವ ನನ್ನ ಮಗನಿಗೆ ಎಲ್ಲದಕ್ಕೂ ಒಂದು ನಿಯಮ ಬೇಕು. "ಸರಿ. ದಿನಕ್ಕೆ ನೂರು ದಾಟಿದರೆ ಅಮ್ಮಂಗೆ ಗುರುವಾರ ರಜೆ," ಎಂದ.

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಮಾತುಕತೆಯ ಮೇಜಿನಲ್ಲಿ ಎದುರಿನವನು ಕೊಟ್ಟದ್ದನ್ನು ಒಂದೇ ಸಲಕ್ಕೆ ಒಪ್ಪಿಕೊಂಡವಳಲ್ಲ ನಾನು. "ನೂರು ಯಾಕೋ? ನನಗೇನು ಭಿಕ್ಷೆ ಹಾಕ್ತಿದ್ದೀಯಾ? ಇನ್ನೂರು ಇಡು," ಎಂದೆ. ಇನ್ನೂರು ಎಂದು ಠರಾವಾಯಿತು.

ಭಾನುವಾರ ಇಡೀ ದಿನ ಕೂತು ಇವರು ಪೆಟ್ಟಿಗೆ ಮಾಡಿದರು. ಮುಖದಲ್ಲಿ ನಾಲ್ಕು ಕೆಂಪು ಅಂಕಿ, ಪಕ್ಕದಲ್ಲಿ ಸೊನ್ನೆ ಮಾಡುವ ಗುಂಡಿ. ಅಡಿಗೆಮನೆಯಿಂದ ಹಾಲಿನ ಕಪಾಟಿನವರೆಗೆ ತಂತಿ ಎಳೆಯಬೇಕಿತ್ತು. ಯಾವುದೋ ಮಹಾ ಆಂಟೆನಾಕ್ಕೆಂದು ಎತ್ತಿಟ್ಟಿದ್ದ ಒಳ್ಳೆಯ ತಾಮ್ರದ ತಂತಿಯನ್ನೇ ತೆಗೆದು, ಪಕ್ಕದ ಟೈಲರಮ್ಮನ ಮನೆಗೂ ನಮಗೂ ನಡುವೆ ಇರುವ ಗೋಡೆಯುದ್ದಕ್ಕೂ ನೇರವಾಗಿ, ಒಂದು ಕೊಂಕಿಲ್ಲದಂತೆ ಬಿಗಿದರು. ಸಂಜೆ ಪರೀಕ್ಷೆ. ನಾನು ಹತ್ತು ಸಲ ಹೊಸ್ತಿಲು ದಾಟಿದೆ. ಪೆಟ್ಟಿಗೆ ಹತ್ತು ತೋರಿಸಿತು. ಅತ್ತೆ ಕೂಡ ತಲೆದೂಗಿದರು. ಯಾರೂ ಮಧ್ಯೆ ಕೈಯಾಡಿಸಬಾರದೆಂದು ಅದಕ್ಕೆ ಬಟ್ಟೆ ಹೊದಿಸಿ, ಮತಪೆಟ್ಟಿಗೆಯ ಹಾಗೆ ಕಟ್ಟಿದವಳು ನಾನೇ. ಬೆಳಿಗ್ಗೆ ಆರಕ್ಕೆ ಸೊನ್ನೆ ಮಾಡುವುದು, ರಾತ್ರಿ ಎಂಟಕ್ಕೆ ಬಟ್ಟೆ ತೆಗೆದು ಓದುವುದು ಅತ್ತೆಯ ಅಧಿಕಾರ.

ಸೋಮವಾರ ಎಂಟು ಗಂಟೆಗೆ ಅತ್ತೆ ಕನ್ನಡಕ ಹಾಕಿಕೊಂಡರು. ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಸಾವಿರದ ಏಳುನೂರ ಮೂವತ್ತು," ಎಂದರು.

ಮಗ ತುಟಿ ಅಲ್ಲಾಡಿಸುತ್ತ ಲೆಕ್ಕ ಹಾಕಿದ. "ಹದಿನಾಲ್ಕು ಗಂಟೆ ಅಂದ್ರೆ ಎಂಟುನೂರ ನಲವತ್ತು ನಿಮಿಷ. ಅಮ್ಮಾ, ನಿಮಿಷಕ್ಕೆ ಎರಡು ಸಲ ಹೊಸ್ತಿಲು ದಾಟಿದ್ದೀಯಾ?"

"ಅಲ್ಲ ಅಂತೀಯಾ? ನೀನು ನೋಡಿದ್ದೀಯಾ?"

ನೋಡಿರಲಿಲ್ಲ. ಮೂವರಲ್ಲಿ ಯಾರೂ ಯಾವತ್ತೂ ಆ ಕಡೆ ನೋಡಿದವರಲ್ಲ. ಆದ್ದರಿಂದ ಅಲ್ಲಗಳೆಯುವ ಹಕ್ಕು ಯಾರಿಗೂ ಉಳಿದಿರಲಿಲ್ಲ. ಸತ್ಯ ಹೇಳಬೇಕೆಂದರೆ ನನಗೂ ಅಂಕಿ ಸ್ವಲ್ಪ ದಪ್ಪ ಎನಿಸಿತು. ಆದರೆ ಗೆದ್ದ ಸಂಖ್ಯೆಯನ್ನು ಮರುಎಣಿಕೆ ಮಾಡಿಸಿ ಎಂದು ಕೇಳಿದ ನಾಯಕರನ್ನು ನಾನಂತೂ ಕಂಡಿಲ್ಲ. ಮಂಗಳವಾರ ಸಾವಿರದ ಆರುನೂರು ಚಿಲ್ಲರೆ. ಬುಧವಾರ ಅದಕ್ಕೂ ಮೇಲೆ. ಅಷ್ಟು ಹೊತ್ತಿಗೆ ನನಗೆ ನಿಜವಾಗಿಯೂ ಮಂಡಿ ನೋಯತೊಡಗಿತ್ತು. ಅತ್ತೆ ತಾವು ಕುಡಿದ ಲೋಟವನ್ನು ತಾವೇ ತೊಳೆದರು. ಇವರು "ಕೂತ್ಕೋ ಸ್ವಲ್ಪ" ಎಂದರು. ಇಪ್ಪತ್ತೇಳು ವರ್ಷದಲ್ಲಿ ಆ ಮಾತನ್ನು ಇವರ ಬಾಯಲ್ಲಿ ಕೇಳಿದ್ದು ಒಮ್ಮೆ ಫೋಟೋ ಸ್ಟುಡಿಯೋದಲ್ಲಿ ಮಾತ್ರ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಸೀರೆ ಉಟ್ಟು ಹೊರಟೆ. ಮಹಾಸಭೆಯಲ್ಲಿ ಎಲ್ಲರಿಗಿಂತ ಮೊದಲು ಬಂದವಳು ನಾನು, ಕೊನೆಗೆ ಎದ್ದವಳೂ ನಾನು. ಅಂಕಿ ಹೇಳಿದೆ. ಗೆಳತಿಯರು ಕೈ ತಟ್ಟಿದರು. ಇಬ್ಬರು, ತಮ್ಮ ಮನೆಗೂ ಅಂಥ ಒಂದು ಪೆಟ್ಟಿಗೆ ಮಾಡಿಸಿಕೊಡು ಎಂದರು.

ಸಂಜೆ ಮನೆಗೆ ಬಂದರೆ ಮೂವರೂ ಹಾಲಿನಲ್ಲಿ ಶಾಂತವಾಗಿ ಕೂತಿದ್ದರು. ಎಂಟು ಹೊಡೆಯಿತು. ಅತ್ತೆ ಬಟ್ಟೆ ತೆಗೆದರು.

"ಸಾವಿರದ ಆರುನೂರ ಐವತ್ತೈದು."

"ಅಮ್ಮಾ, ಸಾಕಾಗಿಹೋಯ್ತು," ಎಂದ ಮಗ, ಕಾಲು ಚಾಚುತ್ತ. "ಇವತ್ತು ಕೆಲಸಕ್ಕೂ ಹೋಗಿಲ್ಲ. ನಾನೂ ಅಪ್ಪನೂ ಓಡಿದ್ದೇ ಓಡಿದ್ದು."

"ನನ್ನ ಮಗನ ಕಾಲು ನೋಡು, ಹೇಗೆ ಊದಿದೆ," ಎಂದರು ಅತ್ತೆ.

"ಆದ್ದರಿಂದ ನಮಗೂ ಒಂದೊಂದು ದಿನ ರಜೆ ಆಗಬೇಕು," ಎಂದ ಮಗ. "ನಿಯಮ ಎಲ್ಲರಿಗೂ ಒಂದೇ ಅಲ್ವಾ? ಶುಕ್ರವಾರ ಅಪ್ಪಂಗೆ, ಶನಿವಾರ ನಂಗೆ."

ನನ್ನ ಗಂಡ ಪೆಟ್ಟಿಗೆಯನ್ನೇ ಒಂದು ತರಹ ನೋಡುತ್ತಿದ್ದರು.

ನಾನು ಎದ್ದು ಅಡಿಗೆಮನೆಗೆ ಹೋದೆ. ಒಲೆ ಮುಟ್ಟಿದೆ, ಕಲ್ಲಿನ ಹಾಗೆ ತಣ್ಣಗಿತ್ತು. ಸಿಂಕಿನಲ್ಲಿ ಒಂದು ಹನಿ ನೀರಿಲ್ಲ. ನಾನು ಬೋರಲು ಹಾಕಿ ಹೋಗಿದ್ದ ಪಾತ್ರೆಗಳು ಬೋರಲೇ ಇದ್ದವು. ಮುಂಬಾಗಿಲ ಹೊರಗಿನ ಕಸದ ಬುಟ್ಟಿಯಲ್ಲಿ ಕೈ ಹಾಕಿದರೆ ಬಂತು: ಹೋಟೆಲಿನ ಪೊಟ್ಟಣ ಆರು, ಕಾಗದದ ಲೋಟ ಒಂಬತ್ತು. ಎಲ್ಲವನ್ನೂ ತಂದು ಹಾಲಿನ ನಡುವೆ ಸುರಿದೆ.

"ಒಳಗೆ ಕಾಲೇ ಇಟ್ಟಿಲ್ಲ ನೀವು," ಎಂದೆ. ಗೇಟಿನ ಮುಂದಿನ ಆ ಹಳೆಯ ದನಿ ತಾನಾಗಿಯೇ ಬಂದಿತ್ತು. "ಇದರಲ್ಲಿ ಒಂದೂ ನಿಮ್ಮದಲ್ಲ. ಈ ಪೆಟ್ಟಿಗೆ ಸುಳ್ಳು ಹೇಳ್ತಿದೆ."

ಮಾತು ಬಾಯಿಂದ ಬಿದ್ದ ಮೇಲೆ ನನಗೇ ಕೇಳಿಸಿತು.

"ಹಾಗಾದ್ರೆ ನಿಂದು?" ಎಂದ ಮಗ, ಬಹಳ ಮೆಲ್ಲಗೆ.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಗಂಡ ಅಂಗಡಿಗೆ ಹೋಗದೆ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಕಾಲೊರಸಿನಿಂದ ತಂತಿಯ ತುದಿಯನ್ನು ಬಿಚ್ಚಿ ಗಾಳಿಯಲ್ಲಿ ತೂಗಬಿಟ್ಟರು. ಈಗ ನಾನು ಹೊಸ್ತಿಲ ಮೇಲೆ ಕುಣಿದರೂ ಪೆಟ್ಟಿಗೆ ಎಣಿಸುವಂತಿರಲಿಲ್ಲ. ಅಂಕಿ ಸುಮ್ಮನೆ ನಿಂತಿತ್ತು. ಗೋಡೆಯಾಚೆ ಟೈಲರಮ್ಮನ ಕರೆಂಟ್ ಹೊಲಿಗೆ ಮಷೀನು ಟರ್ರ್ ಎಂದಿತು. ನಲವತ್ತೊಂದು, ನಲವತ್ತೆರಡು, ನಲವತ್ತಮೂರು. ಟರ್ರ್ ನಿಂತಿತು. ಅಂಕಿಯೂ ನಿಂತಿತು. ಮತ್ತೆ ಟರ್ರ್. ನಲವತ್ತನಾಲ್ಕು.

"ಅವಳ ಮೋಟಾರಿನೊಳಗೆ ಕಿಡಿ ಹಾರುತ್ತೆ," ಎಂದರು ಇವರು. "ಕಿಡಿ ಅಂದ್ರೆ ಅದೂ ಒಂದು ಪುಟ್ಟ ರೇಡಿಯೋ ಸ್ಟೇಷನ್ನೇ ಕಣೇ. ಗೋಡೆಯುದ್ದಕ್ಕೂ ಈ ತಂತಿ ಇದೆಯಲ್ಲ, ಇದು ಅದನ್ನ ಹಿಡಿದುಬಿಟ್ಟಿದೆ." ಇವರ ಕಣ್ಣಲ್ಲಿ ನೀರಿತ್ತು. "ಇಪ್ಪತ್ತು ವರ್ಷ. ಮೊದಲನೇ ಸಲ ನನ್ನ ಒಂದು ಆಂಟೆನಾ ಏನೋ ಹಿಡೀತು. ಭಾನುವಾರ ಅವಳ ಅಂಗಡಿ ಮುಚ್ಚಿತ್ತು, ಅದಕ್ಕೇ ಪರೀಕ್ಷೆಯಲ್ಲಿ ಗೊತ್ತಾಗ್ಲಿಲ್ಲ."

ನನ್ನ ರಜೆ ಮುಳುಗುತ್ತಿರುವಾಗ ಸಂಭ್ರಮ ಪಡುತ್ತಿರುವ ಗಂಡನ ಬೆನ್ನಿಗೆ ಗುದ್ದುವುದೋ, ಬೆನ್ನು ಸವರುವುದೋ ತಿಳಿಯದೆ ನಿಂತೆ.

ಅತ್ತೆಯ ಕರೆಗೆ ಟೈಲರಮ್ಮ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದಳು. ಮಗ ಹೋಗಿ ಅವಳ ಪೆಡಲು ತುಳಿದ. ಅವಳು ಇಲ್ಲಿ ನಿಂತು ಅಂಕಿ ಏರುವುದನ್ನು ನೋಡಿದಳು. ಇವರು ವಿಷಯವನ್ನು ಬಿಡಿಸಿ ಹೇಳಿದರು.

"ಅಂದ್ರೆ ಅಕ್ಕಾ," ಎಂದಳು ನನ್ನ ಕಡೆ ತಿರುಗಿ, "ಹೊಲಿದಿದ್ದು ನಾನು, ಲೆಕ್ಕ ನಿಮ್ಮದು. ನನ್ನ ಲೆಕ್ಕ ತೋರಿಸಿ ನೀವು ರಜೆ ತಗೊಂಡ್ರಿ."

ಕಾರ್ಖಾನೆಯಲ್ಲಿ ನಾವು ಸುತ್ತಿದ ಕಾಯಿಲ್‌ಗಳನ್ನು ಮ್ಯಾನೇಜರು ತನ್ನ ಸೋದರಳಿಯನ ಹೆಸರಿಗೆ ಬರೆಸಿದ್ದಕ್ಕೇ ನಲವತ್ತಮೂರು ದಿನ ಗೇಟಿನಲ್ಲಿ ಕೂತಿದ್ದೆವು. ಅವನಿಗೆ ನಾನು ಕೂಗಿದ ಮಾತುಗಳು ಇಲ್ಲಿ ಬರೆಯುವಂಥವಲ್ಲ. ಅವೆಲ್ಲ ಈಗ ಮನೆ ವಿಳಾಸ ಹುಡುಕಿಕೊಂಡು ನನಗೇ ವಾಪಸು ಬಂದವು.

"ಮಧ್ಯಾಹ್ನದ ಊಟಕ್ಕೂ ಏಳಲ್ಲ ಇವಳು," ಎಂದರು ಅತ್ತೆ. "ಗೋಡೆಯಾಚೆ ನಂಗೆ ದಿನಾ ಕೇಳಿಸುತ್ತೆ. ಗುರುವಾರದ ರಜೆ ಇವಳದ್ದು. ಇನ್ನೂರು ದಾಟಿದವರಿಗೆ ರಜೆ ಅಂತ ತಾನೇ ಮಾತಾಗಿದ್ದು?"

"ಮೊದಲು ನನ್ನ ನಿಜವಾದ ಲೆಕ್ಕ ತೆಗೀರಿ," ಎಂದೆ ನಾನು. ಅದೊಂದೇ ಆಸೆ ಉಳಿದಿತ್ತು.

ಇವರು ತಾಮ್ರದ ತಂತಿಯನ್ನು ಬಿಚ್ಚಿ, ಮಗುವನ್ನು ಮಲಗಿಸುವಂತೆ ಸುರುಳಿ ಸುತ್ತಿ ಎತ್ತಿಟ್ಟುಕೊಂಡು, ಅದರ ಜಾಗದಲ್ಲಿ ಲೋಹದ ಜಾಲರಿ ಹೊದ್ದ, ಹೊರಗಿನ ಸದ್ದಿಗೆ ಕಿವುಡಾದ ತಂತಿ ಎಳೆದರು. ಶನಿವಾರ ಎಂಟು ಗಂಟೆ. ಅತ್ತೆ ಕನ್ನಡಕ ಹಾಕಿಕೊಂಡರು.

"ನೂರ ಹದಿನೆಂಟು."

"ನಾನು ನೂರು ಅಂದಿದ್ದೆ," ಎಂದ ಮಗ. ಕೆಟ್ಟವನಲ್ಲ, ಬೇಸರದಿಂದಲೇ ಹೇಳಿದ.

"ಈ ಪೆಟ್ಟಿಗೆಗೆ ಏನು ಗೊತ್ತು?" ಎಂದೆ. "ಹೊಸ್ತಿಲು ದಾಟಿದ್ದನ್ನ ಮಾತ್ರ ಎಣಿಸುತ್ತೆ. ಒಳಗೆ ಹೋಗಿ ಒಲೆ ಮುಂದೆ ಎರಡು ಗಂಟೆ ನಿಂತ್ರೆ ಅದಕ್ಕೆ ಒಂದೇ ಮಿಡಿತ. ಕೆಲಸ ಇರೋದು ಓಡಾಟದಲ್ಲಿ ಅಲ್ಲ, ನಿಂತಿರೋದ್ರಲ್ಲಿ."

"ಅದನ್ನ ಮೊದಲೇ ಯೋಚಿಸಬೇಕಿತ್ತು," ಎಂದರು ಅತ್ತೆ. "ಓಡಾಟದ ಮಾತು ತೆಗೆದವಳು ನೀನೇ."

"ನಿಂತಿರೋದನ್ನ ಎಣಿಸಕ್ಕೆ ಬೇರೆ ಸರ್ಕ್ಯೂಟ್ ಬೇಕು," ಎಂದರು ಗಂಡ, ಸುರುಳಿ ತಂತಿಯನ್ನು ಸವರುತ್ತ. "ನೋಡೋಣ. ಸದ್ಯ ಆಂಟೆನಾ ಕೆಲಸ ಇದೆ."

ಗುರುವಾರ ಬಂತು. ಟೈಲರಮ್ಮ ಮಷೀನಿಗೆ ಬಟ್ಟೆ ಮುಚ್ಚಿ ಹತ್ತು ಗಂಟೆಗೆ ಬಂದು, ನಮ್ಮ ಹಾಲಿನಲ್ಲಿ ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕಾಲು ನೀಡಿ ಕೂತಳು. ಹನ್ನೊಂದು ವರ್ಷದಲ್ಲಿ ಹಗಲು ಹೊತ್ತು ಬೆನ್ನು ಒರಗಿಸಿದ್ದು ಇದೇ ಮೊದಲಂತೆ. ಅವಳಿಗೆ ಊಟ ನನ್ನ ಕೈಯಿಂದಲೇ ಆಗಬೇಕೆಂದು ಅತ್ತೆಯ ತೀರ್ಪು. ಬಡಿಸಿದೆ. ನಾಲ್ಕು ಗಂಟೆಗೆ ಓಡಿಹೋಗಿ ಅರ್ಧ ಬೈಗುಳ ಕೇಳಿ ಬಂದೆ. ಪೆಟ್ಟಿಗೆ ಬೇಕೆಂದಿದ್ದ ಆ ಇಬ್ಬರಿಗೆ ಏನು ಹೇಳಲಿ? "ತಂತಿ ಸಿಗ್ತಿಲ್ಲ" ಎಂದೆ.

ಇದನ್ನು ಬರೆಯುತ್ತಿರುವುದೂ ನಿಂತುಕೊಂಡೇ, ಒಲೆಯ ಪಕ್ಕದ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು. ನೀವು ಇದನ್ನು ಓದುತ್ತಿರುವುದು ಮಾತ್ರ ಕೂತುಕೊಂಡೇ ಎಂದು ನನಗೆ ಗೊತ್ತು. ಈಗ ಹೇಳಿ: ಈ ಹೊತ್ತಿನಲ್ಲಿ ನಿಮ್ಮ ಮನೆಯಲ್ಲಿ ನಿಂತಿರುವವರು ಯಾರು? ಅವರು ಎಷ್ಟು ಸಲ, ಎಷ್ಟು ಹೊತ್ತು ಎಂದು ಎಣಿಸಲು ಹೋಗಬೇಡಿ, ಅಲ್ಲೇ ನಾನು ಕೆಟ್ಟದ್ದು. ಎದ್ದು ಒಳಗೆ ಹೋಗಿ, ಅವರ ಕೈಯಲ್ಲಿರುವ ಸೌಟು ಇಸಿದುಕೊಂಡು, ನೀವು ಕೂತ ಜಾಗದಲ್ಲಿ ಅವರನ್ನು ಕೂರಿಸಿ. ನಾಳೆಯಿಂದ ಅಲ್ಲ. ಏಳಿ.