ಬೀಗರ ನೆಲಮಾಳಿಗೆ ಮತ್ತು ಸೀನಿನ ಪರೀಕ್ಷೆ

ಕರೆಂಟು ಹೋದ ಹೊತ್ತಿನಲ್ಲಿ ಬ್ಯಾಡಗಿಯ ನಮ್ಮ ಬೀಗರ ಮನೆಗೆ ಹೋದವರಿಗೆ ಸೀನಿದ ಮೇಲೆಯೇ ಚಹಾ! ಸೀನದವರಿಗೆ ಅಲ್ಲಿ ಮರ್ಯಾದೆಯೇ ಇಲ್ಲ.

ನನ್ನ ಮಗನ ಮಾವನಾದ ಈ ಮಹಾಶಯರು ಯಾರ ಮಾತನ್ನೂ ಕೇಳದೆ ಮನೆಯ ಕೆಳಗೆ ನೆಲಮಾಳಿಗೆ ತೋಡಿಸಿದ್ದಾರೆ. ತಂಪು, ಕತ್ತಲು, ಮೆಣಸಿನಕಾಯಿಯ ಬಣ್ಣ ಮಾಸುವುದಿಲ್ಲ. ಹಾಗಾಗಿ ಓಣಿಯವರೆಲ್ಲ ವರ್ಷದ ಖಾರದ ಕಾಯಿಯನ್ನು ಚೀಲ ಕಟ್ಟಿ ಅಲ್ಲಿಯೇ ಇಡುತ್ತಾರೆ. ರಾಣೆಬೆನ್ನೂರಿನ ನಮ್ಮ ಚೀಲವೂ ಅಲ್ಲಿಯೇ. ಮಳೆಗಾಲದಲ್ಲಿ ನೆಲದಿಂದ ಜಿನುಗುವ ನೀರನ್ನು ಮೋಟಾರು ಎತ್ತಿ ಹಾಕಬೇಕು. ಕರೆಂಟು ಹೋದರೆ? ಬೀಗರು ಮನೆಗೆ ಬಂದವರನ್ನು ಕೆಳಗಿಳಿಸುತ್ತಾರೆ! ಕಾಯಿ ಒಣಗಿದ್ದರೆ ಘಾಟಿಗೆ ಸೀನು ಬರಲೇಬೇಕು. ಬರದಿದ್ದರೆ ತೇವ ಹಿಡಿದಿದೆ ಎಂದರ್ಥ. ಒಮ್ಮೆ ನೆಗಡಿಯಾಗಿ ಮೂಗು ಕಟ್ಟಿದ್ದ ಅಂಚೆಯವ ಸೀನಲಿಲ್ಲವೆಂದು ಚೀಲಗಳನ್ನೆಲ್ಲ ಮನೆಯ ಮೇಲಿನ ಮಾಳಿಗೆಗೆ ಹೊರಿಸಿ ಒಣಗಿಸಿದ್ದರು!

ಈ ಸಲ ಗಾಳಿಮಳೆಗೆ ಕಂಬಗಳು ಉರುಳಿ, ಹೋದ ಕರೆಂಟು ಬರಲೇ ಇಲ್ಲ. ಬಾಣಂತನಕ್ಕೆ ತವರಿಗೆ ಬಂದಿದ್ದ ಸೊಸೆಯನ್ನೂ ಮೊಮ್ಮಗಳನ್ನೂ ನೋಡಲು ಬೆಳಿಗ್ಗೆ ಹೋದೆ. ಬೀಗರು ಕೈಗೆ ಬಕೆಟ್ ಕೊಟ್ಟು ನೆಲಮಾಳಿಗೆಗೆ ಇಳಿಸಿದರು. ಗಡಿಯಾರ ನೋಡಿ ನೀರು ಕುಡಿಯುವ ನಾನು ಧೋತರ ಎತ್ತಿಕಟ್ಟಿ ನೀರು ಮೊಗೆಯತೊಡಗಿದೆ. ನೆರೆಮನೆಯ ಜೈನಬಿ ಮಳೆಯಲ್ಲೇ ನಿಂತು, ಗೋಡೆಯ ಕಿಂಡಿಯಿಂದ ಬಕೆಟ್ ಎಳೆದು ಗಟಾರಕ್ಕೆ ಸುರಿಯುತ್ತಿದ್ದಳು.

"ನೀರೆತ್ತಾಕ ಮೇಡ್ಲೇರಿಯಿಂದ ಡೀಸೆಲ್ ಇಂಜಿನ್ ಹೊಂಟೈತ್ರಿ," ಎಂದರು ಬೀಗರು.

"ನಡಕೋತ ಬರಾಕತ್ತೈತೇನ್ರಿ?" ಎಂದೆ.

"ಅಣ್ಣಾರ, ಬಾಯಿ ಬಿಟ್ಟು ಕೈ ಲಗೂ ಆಡಸ್ರಿ!" ಎಂದಳು ಜೈನಬಿ.

ಮೊಗೆದಷ್ಟೂ ನೀರು ಏರಿತು. ಚೀಲಗಳ ಅಡಿಯ ಹಲಗೆಯನ್ನೂ ಮುಟ್ಟಿತು. ಇನ್ನೊಂದು ಬೆರಳು ಏರಿದರೆ ಓಣಿಯ ಖಾರಕ್ಕೆಲ್ಲ ಬೂಸು ಹಿಡಿದಂತೆಯೇ! ನಾನು ಕೈಗೆ ಸಿಕ್ಕ ಚೀಲವನ್ನು ಹೆಗಲಿಗೇರಿಸಿ, ಸೀನುತ್ತ ಮೆಟ್ಟಿಲ ಕಡೆ ನುಗ್ಗಿದೆ. ಬೀಗರು ಅಡ್ಡ ನಿಂತರು.

"ಮ್ಯಾಲ ಬ್ಯಾಡ್ರಿ. ಪಡಸಾಲ್ಯಾಗ ಕೂಸು ಮಲಗೈತಿ."

"ತೊಟ್ಟಲಾ ಒಳಗಿನ ಖೋಲಿಗೆ ಒಯ್ದರಾತು!"

"ಘಾಟು ಬಾಗಲಾ ಬಡದು, ಕೇಳಿ ಒಳಗ ಬರ್ತೈತೇನ್ರಿ? ಎಳೀ ಎದಿ ಅದು."

ಬೀಗರು ಕಿಂಡಿಯತ್ತ ತಿರುಗಿ, "ಜೈನಬಿ, ನಿಮ್ಮ ಚೀಲ ತೊಯ್ಯಾಂಗಿಲ್ಲ, ಕಾಳಜಿ ಬ್ಯಾಡ," ಎಂದರು. ತಮ್ಮ ಮನೆಯ ಚೀಲಗಳನ್ನು ಎಳೆದು ಹಲಗೆಯ ಮೇಲೆ ಸಾಲಾಗಿ ಮಲಗಿಸಿದರು. ಅವುಗಳ ಮೇಲೆ ಜೈನಬಿಯ ಚೀಲ, ಆಮೇಲೆ ಓಣಿಯವರದು. ಕೆಳಗಿನವು ಕಣ್ಣೆದುರೇ ನೀರು ಕುಡಿದು ಕಪ್ಪಾಗತೊಡಗಿದವು. ಎತ್ತರ ಇನ್ನೂ ಸಾಲದು. ನಾನು ಹೆಗಲ ಮೇಲಿದ್ದುದನ್ನು ಮೇಲಿಟ್ಟು, ನಮ್ಮ ಚೀಲವನ್ನು ಹುಡುಕಿ, ಕೆಳಸಾಲಿಗೆ ಹಾಕಲು ನೀರಿನತ್ತ ಎಳೆದೆ.

"ನಿಮ್ಮದ್ಯಾಕ್ರಿ ಬೀಗರ?"

"ಮೊಮ್ಮಗಳು ನಿಮಗೊಬ್ಬರಿಗೇನ್ರಿ?"

ಬೀಗರು ಚೀಲದ ಇನ್ನೊಂದು ತುದಿ ಹಿಡಿದರು.