ಮಾಳಿಗೆಯ ಮೇಲಿನ ಪ್ರೇಕ್ಷಕ

ನಮ್ಮ ಕಾಕಾ ಹತ್ತಾರು ಗ್ರಹ ಸುತ್ತಿ ಬಂದವರು. ಸುಳ್ಳೆನಿಸಿದರೆ ಮೂಡಲಗಿಗೆ ಹೋಗಿ ಅವರನ್ನೇ ಕೇಳಿ. ಯಾವ ಗ್ರಹದಲ್ಲಿ ಉಸಿರಾಡಬಹುದು, ಯಾವುದರಲ್ಲಿ ಮೂಗು ಮುಚ್ಚಿಕೊಳ್ಳಬೇಕು ಎಂಬುದನ್ನೆಲ್ಲ ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ. ಆದರೆ ಬೆಳಗಾವಿಗೆ ಒಬ್ಬರೇ ಹೋಗಿ ಬನ್ನಿ ಎಂದರೆ ಗೋಕಾಕದಲ್ಲೇ ಬಸ್ಸಿಳಿದು ನಮ್ಮ ಮನೆಗೆ ಬಂದುಬಿಡುತ್ತಾರೆ. ಯಾಕೆಂದು ಕೇಳಿದರೆ, "ಆ ಬಸ್ಸು ಭಾಳ ದೂರ ಹೋಗೂ ಹಂಗ ಕಾಣ್ತು" ಎನ್ನುತ್ತಾರೆ!

ಇಷ್ಟೆಲ್ಲ ಅಂತರಿಕ್ಷಜ್ಞಾನಕ್ಕೆ ಮೂಲ ಒಂದು ಹಿಂದಿ ಧಾರಾವಾಹಿ. ಇಡೀ ಓಣಿಗೆ ಕಾಕಾನ ಮನೆಯದೊಂದೇ ಟಿ.ವಿ. ಇದ್ದ ಕಾಲದಲ್ಲಿ ಅದು ರವಿವಾರ ಮುಂಜಾನೆ ಬರುತ್ತಿತ್ತು. ಒಬ್ಬ ಕ್ಯಾಪ್ಟನ್, ಅವನದೊಂದು ಹಡಗು, ವಾರಕ್ಕೊಂದು ಗ್ರಹ. ಅದರ ಬಗ್ಗೆ ಕಾಕಾನಷ್ಟು ಅಧಿಕಾರದಿಂದ ಮಾತಾಡುವವರು ಮೂಡಲಗಿ, ಗೋಕಾಕ, ಹುಕ್ಕೇರಿ ಮೂರೂ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ಒಂದೇ ಒಂದು ಸಣ್ಣ ಕೊರತೆ. ಕಾಕಾ ಅದನ್ನು ನೋಡಿರಲಿಲ್ಲ.

ನೋಡುವುದಾದರೂ ಹೇಗೆ? ಆಂಟೆನಾದ ಕಂಬವನ್ನು ಕಾಕಾ ತಬ್ಬಿಕೊಂಡು ನಿಂತರೆ ಮಾತ್ರ ಟಿ.ವಿ.ಯಲ್ಲಿ ಚಿತ್ರ ನಿಲ್ಲುತ್ತಿತ್ತು. ಬೇರೆಯವರು ಹಿಡಿದರೆ ಮಸುಕು, ಬಿಟ್ಟರೆ ಮಾಯ. ಹೀಗಾಗಿ ಓಣಿಯ ಮಂದಿಯೆಲ್ಲ ಚಾಪೆಯ ಮೇಲೆ ಕಾಲು ಚಾಚಿ ಕೂತು ನಕ್ಷತ್ರಲೋಕ ನೋಡುವಾಗ, ಟಿ.ವಿ.ಯ ಮಾಲೀಕರು ಮಾಳಿಗೆಯ ಮೇಲೆ ನಿಂತು ಬೆಳಕಿಂಡಿಯಿಂದ "ಬಂತೇನ?" ಎಂದು ಕೇಳುತ್ತಿದ್ದರು. ಮುಗಿದ ಮೇಲೆ ಇಳಿದು ಬಂದರೆ, ಅವರ ಹೆಂಡತಿ, ಅಂದರೆ ನಮ್ಮ ಕಾಕು, ರೊಟ್ಟಿ ಬಡಿಯುತ್ತ ಕಥೆ ಹೇಳುತ್ತಿದ್ದರು. ಕಾಕುವಿಗೆ ಹಿಂದಿ ಬರುತ್ತಿರಲಿಲ್ಲ ಎಂಬುದು ಇನ್ನೊಂದು ಸಣ್ಣ ಕೊರತೆ.

ಹೋದ ವರ್ಷ ನಾನೊಂದು ಘನಕಾರ್ಯ ಮಾಡಿದೆ. ಹಳೆಯ ಧಾರಾವಾಹಿಗಳ ಹುಚ್ಚಿರುವ ಯಾರೋ ದಿಲ್ಲಿಯವರು ಆ ಕಂತುಗಳನ್ನು ಹುಡುಕಿ ಇಂಟರ್ನೆಟ್ಟಿಗೆ ಹಾಕಿದ್ದರು. ಕೊನೆಯ ಕಂತು ಮಾತ್ರ ಇರಲಿಲ್ಲ. ಆ ಟೇಪಿನ ಮೇಲೆ ಯಾರೋ ಪುಣ್ಯಾತ್ಮರು ಬೇರೇನನ್ನೋ ತುಂಬಿ ಅಳಿಸಿಬಿಟ್ಟಿದ್ದರಂತೆ. ಇದ್ದುದನ್ನು ನನ್ನ ಮೊಬೈಲಿನಲ್ಲಿ ಕಾಕಾನಿಗೆ ತೋರಿಸಿದೆ. ಅವರು ಎರಡು ಕಂತು ನೋಡಿ ಮೊಬೈಲನ್ನು ನನ್ನ ಕೈಗೆ ಕೊಟ್ಟರು.

"ಇದು ಖೋಟಾ ಐತಿ."

"ಖೋಟಾ ಹೆಂಗ್ರಿ ಕಾಕಾ? ಅದ ಹಡಗ, ಅದ ಕ್ಯಾಪ್ಟನ್."

"ಆ ಗ್ರಹದಾಗ ಮಾತಾಡದ ಮಂದಿ ಅದಾರಲ್ಲ, ಅವ್ರು ಬದುವಿನ ಜಗಳಕ್ಕ ಮಾತು ಬಿಟ್ಟಾವ್ರು. ಇಲ್ಲಿ ನೋಡಿದ್ರ ಅವ್ರಿಗಿ ನಾಲಿಗೀನ ಇಲ್ಲಂತ. ಆಮ್ಯಾಲ ಆ ಡಬ್ಬ್ಯಾಗ ಕುಂತು ಕ್ಯಾಪ್ಟನ್‌ಗ ಬೈತಾನಲ್ಲ, ಅಂವ ಕ್ಯಾಪ್ಟನ್‌ನ ಮಾವ. ಮಾವಗ ಯಂತ್ರ ಅಂದ್ರ ಹೆಂಗ? ಮರ್ಯಾದಿ ಬ್ಯಾಡೇನ?"

ಹಡಗು ನಡೆಸುವ ಗಣಕಯಂತ್ರವನ್ನು ಕಾಕು ಬೀಗರ ಪೈಕಿ ಸೇರಿಸಿಬಿಟ್ಟಿದ್ದರು! ಕಾಕಾ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಪ್ರತಿ ಕಂತಿನ ಕೆಳಗೂ ಕನ್ನಡದಲ್ಲಿ ತಿದ್ದುಪಡಿ ಬರೆಯತೊಡಗಿದರು. ದಿಲ್ಲಿಯವರು ಬೇಸತ್ತು, ತಾವು ಯಾರು, ಈ ಧಾರಾವಾಹಿಗೂ ತಮಗೂ ಏನು ಸಂಬಂಧ ಎಂದು ಕೇಳಿದರು. ಕಾಕಾ ಒಂದೇ ಮಾತಿನಲ್ಲಿ ಉತ್ತರ ಕೊಟ್ಟರು: "ಕಂಬ ಹಿಡದಾಂವ."

ಇನ್ನು ಕೊನೆಯ ಕಂತಿನ ಬೇಟೆ ಶುರುವಾಯಿತು. ಓಣಿಯವರನ್ನು ಕೇಳಿದರೆ ಕಿರಾಣಿ ಅಂಗಡಿಯವರು ಕ್ಯಾಪ್ಟನ್ ಸನ್ಯಾಸಿಯಾದ ಎಂದರು. ಟೇಲರು ಲಗ್ನವಾದ ಎಂದರು. ಗಿರಣಿಯವರ ಪ್ರಕಾರ ಹಡಗೇ ಮುಳುಗಿತು. ಮೂವರೂ ಒಂದೇ ಚಾಪೆಯ ಮೇಲೆ ಕೂತವರು! "ನೆನಪಿಲ್ಲ ಅಂದ್ರ ಮಾನ ಹೋಗ್ತೈತಿ ಇವ್ರದು" ಎಂದು ಕಾಕಾ ಬೈದುಕೊಂಡರು.

ಹುಕ್ಕೇರಿಯಲ್ಲಿ ಹಿಂದೆ ವಿಡಿಯೊ ಅಂಗಡಿ ಇಟ್ಟಿದ್ದವರ ಅಟ್ಟದಲ್ಲಿ ಹಳೆಯ ಕ್ಯಾಸೆಟ್ಟುಗಳಿವೆ ಎಂಬ ಸುದ್ದಿ ಬಂತು. ನನ್ನನ್ನೂ ಎಳೆದುಕೊಂಡು ಹೊರಟರು. ಹಾಕಿ ನೋಡಿದರೆ ಘೋಡಗೇರಿಯ ಯಾವುದೋ ಮದುವೆ. ಇದರ ತುದಿಯಲ್ಲಾದರೂ ಧಾರಾವಾಹಿ ಉಳಿದಿರಬಹುದೆಂದು ಕಾಕಾ ಅಕ್ಷತೆಯಿಂದ ಊಟದ ಪಂಕ್ತಿಯವರೆಗೆ ರೆಪ್ಪೆ ಬಡಿಯದೆ ನೋಡಿದರು. ಕ್ಯಾಪ್ಟನ್ ಸಿಗಲಿಲ್ಲ. ಮೂರನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ಕಾಕಾ ಸಿಕ್ಕರು! ಈ ಸುದ್ದಿಯನ್ನು ನಾನು ಮೂಡಲಗಿಯಲ್ಲಿದ್ದ ಕಾಕುವಿಗೆ ಮುಟ್ಟಿಸದೆ ಬಿಡುತ್ತೇನೆಯೆ?

"ಅವತ್ತ ಹೊಟ್ಟಿ ಸರಿ ಇಲ್ಲ, ಬರೇ ಮಜ್ಜಿಗಿ ಕುಡದೇನಿ ಅಂದಿದ್ರಿ" ಎಂದರು ಕಾಕು. "ಸಾಕ ಮಾಡ್ರಿ ಇನ್ನ ಹುಡುಕೂದು. ಕಡೀ ಕಂತ ನಾ ಹೇಳಿಲ್ಲೇನ? ಕ್ಯಾಪ್ಟನ್ ಮನೀಗಿ ಬಂದ, ಕೈಕಾಲು ತೊಳಕೊಂಡ, ಬಿಸಿ ರೊಟ್ಟಿ ಉಂಡು ಮಲಗಿದ. ಮುಗೀತು."

"ನೀ ಹೇಳಿದ್ದ ಖರೆ. ಆದ್ರ ಓಣಿಗೆಲ್ಲಾ ತೋರಿಸಿದೆ, ಆಗ ನಾ ಒಂದ ಕಂತಾದ್ರೂ ನೋಡಿದೆನೇನು? ಅಂವ ಮನೀಗಿ ಬಂದದ್ದನ್ನ ಒಮ್ಮೆ ನನ್ನ ಕಣ್ಣಿಲೆ ನೋಡಬೇಕು."

ಅಲ್ಲಿಯವರೆಗೆ ನಗುತ್ತಿದ್ದ ನನಗೆ ಆ ಮಾತಿಗೆ ನಗು ಬರಲಿಲ್ಲ. ಕಾಕು ಎದ್ದು ಒಳಗೆ ಹೋದರು.

ಮೊನ್ನೆ ಆ ಕಂತು ಸಿಕ್ಕೇಬಿಟ್ಟಿತು. ಯಾರದೋ ಮನೆಯಲ್ಲಿ ಒಂದು ಪ್ರತಿ ಉಳಿದಿತ್ತಂತೆ, ದಿಲ್ಲಿಯವರು ಅದನ್ನೂ ಇಂಟರ್ನೆಟ್ಟಿಗೆ ಹಾಕಿದ್ದರು. ನಾನು ಮೂಡಲಗಿಗೆ ಹೋಗಿ ಕಾಕಾನ ದೊಡ್ಡ ಟಿ.ವಿ.ಗೆ ಹಚ್ಚಿಕೊಟ್ಟೆ. ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತರು. ಎಷ್ಟು ಕರೆದರೂ ಕಾಕು ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಕಂತು ನಡೆಯಿತು. ದೂರದ ಗ್ರಹವೊಂದರಲ್ಲಿ ಹಡಗು ಕೆಟ್ಟಿತ್ತು. ಎಲ್ಲರನ್ನೂ ಭೂಮಿಗೆ ಕಳಿಸಬೇಕಾದರೆ ಒಬ್ಬರು ಹಿಂದೆ ಉಳಿಯಬೇಕಿತ್ತು. ಕ್ಯಾಪ್ಟನ್ ಉಳಿದ. ಹಡಗು ಹೋಯಿತು. ಕತ್ತಲಲ್ಲಿ ಅವನೊಬ್ಬನೇ ನಿಂತಿದ್ದ, ಮುಗಿಯಿತು.

"ಏ, ಬಾ ಇಲ್ಲಿ" ಎಂದು ಕಾಕಾ ಕೂಗಿದರು. ಕಾಕು ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದರು. "ಇಂವ ಅಲ್ಲೇ ಉಳದಾನಲ್ಲ. ಮನೀಗಿ ಬಂದ ಅಂದಿದ್ದಿ?"

"ಅವತ್ತ ಟಿ.ವ್ಯಾಗ ಏನೂ ಬರಲಿಲ್ರಿ. ಬರೇ ಚುಕ್ಕಿ. ಚುಕ್ಕಿ ಬರಾಕತ್ತಾವ್ರಿ ಅಂತ ಒದರಿ ಹೇಳಿದೆ. ನೀವು ಆಕಾಶದ ಚುಕ್ಕಿ ತಿಳ್ಕೊಂಡು, ಹಡಗ ಮುಟ್ಟಿತು ಅಂತ ಕಂಬ ಇನ್ನೂ ಗಟ್ಟಿ ಹಿಡದ್ರಿ. ಆಷಾಢದ ಗಾಳಿ. ಕಂಬ ನಿಮ್ಮನ್ನೂ ಕೂಡ್ಕೊಂಡು ವಾಲಾಡಾಕತ್ತಿತ್ತು. ಚಿತ್ರ ಬಂದಿಲ್ಲ ಅಂದ್ರ ನೀವು ಇಳೀತಿದ್ದಿಲ್ಲ. ಓಣಿಯವ್ರಿಗೆಲ್ಲ ಸುಮ್ಮನಿರ್ರಿ ಅಂತ ಕೈ ಮುಗದೆ. ಬಂತ್ರಿ, ಮುಗೀತ್ರಿ, ಇಳೀರಿ ಅಂದೆ."

ದಿಲ್ಲಿಯವರನ್ನೇ ಬಿಡದ ಕಾಕಾ ಈಗ ಮಾಳಿಗೆ ಹಾರಿಹೋಗುವಂತೆ ಕೂಗಾಡುತ್ತಾರೆ ಎಂದು ನಾನು ಕಾದೆ. ಅವರು ಮೆಲ್ಲಗೆ ಕೇಳಿದರು:

"ಹಂಗಾರ ಮನೀಗಿ ಬಂದು, ಕೈಕಾಲು ತೊಳಕೊಂಡು, ಬಿಸಿ ರೊಟ್ಟಿ ಉಂಡಾಂವ ಯಾರು?"

"ನೀವ ಅಲ್ಲೇನ್ರಿ" ಎಂದರು ಕಾಕು.

ಕಾಕಾ ಟಿ.ವಿ. ಬಂದ್ ಮಾಡಿದರು. ಆಮೇಲೆ ಅವರು ಒಂದು ಬಾಜೂ ಸರಿದು, ಕಾಕುವಿಗೆ ಜಾಗ ಮಾಡಿ, "ಕೂಡು. ಮೊದಲಿಂದ ಹೇಳು" ಎಂದರು.